ಅಟ್ಟದ ಮೇಲಿನ ಕೆಲಸ

ನಿಟ್ಟೂರಿನಲ್ಲಿ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತೇನೆಂದರೆ ಊರಿನವರು ಮೊದಲು ಕೇಳುವುದು, "ಹೆಲಿಕಾಪ್ಟರ್ ಫ್ಯಾಕ್ಟ್ರೀದಾ?" ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಇಂಥ ಕೆಲಸವೆಲ್ಲ ಅದರ ಲೆಕ್ಕಕ್ಕೇ. ನನ್ನದು ಅಷ್ಟೆತ್ತರ ಹಾರುವುದಿಲ್ಲ. ಎಲ್ಲೋ ಇರುವ ಸರ್ವರಿಗೆ ಲಾಗಿನ್ ಆಗಿ ಕಪ್ಪು ಪರದೆಯಲ್ಲಿ ಕೋಡ್ ಬರೆಯುವುದು, ಅಷ್ಟೆ. ಕರೆಂಟು ಹೋದರೆ ವೈಫೈ ಹೋಯಿತು. ವೈಫೈ ಹೋದರೆ ಟರ್ಮಿನಲ್ ಕಡಿಯಿತು, ಅದರೊಳಗೆ ಓಡುತ್ತಿದ್ದುದೂ ನಿಂತಿತು. ಈ ತಾಪತ್ರಯಕ್ಕೆ ಮದ್ದು ಟಿಮಕ್ಸ್ ಎಂಬ ಪ್ರೋಗ್ರಾಮು. ನಿಕೋಲಸ್ ಮ್ಯಾರಿಯಟ್ 2007ರಲ್ಲಿ ಶುರುಮಾಡಿದ್ದು. ಇದೇ ಕೆಲಸ ಮಾಡುವ ಸ್ಕ್ರೀನ್ ಎಂಬ ಪ್ರೋಗ್ರಾಮು ಇದಕ್ಕಿಂತ ಇಪ್ಪತ್ತು ವರ್ಷ ಹಿರಿದು.

ನಮ್ಮ ಕಡೆ ಕೊಬ್ಬರಿ ಮಾಡುವವರು ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಅದರ ತಂಟೆಗೆ ಹೋಗುವುದಿಲ್ಲ. ಕೆಳಗೆ ಮದುವೆಯಾಗಲಿ, ಜಗಳವಾಗಲಿ, ಮೇಲೆ ನೀರಿಂಗಿ ಗಿಟುಕು ಚಿಪ್ಪು ಬಿಡುತ್ತಿರುತ್ತದೆ. ಕಂಟ್ರೋಲ್-ಬಿ ಒತ್ತಿ ಡಿ ಒತ್ತಿದರೆ ನನ್ನ ಸೆಷನ್ನೂ ಹಾಗೇ ಅಟ್ಟ ಸೇರುತ್ತದೆ. ಒಳಗಿನ ಪ್ರೋಗ್ರಾಮುಗಳನ್ನು ಸಾಕುವುದು ಹಿಂದೆ ಕೂತ ಟಿಮಕ್ಸ್ ಸರ್ವರು, ನನ್ನ ಲ್ಯಾಪ್‌ಟಾಪ್ ಅಲ್ಲ. ಊಟ ಮುಗಿಸಿ ಬಂದು ಅಟ್ಯಾಚ್ ಮಾಡಿದರೆ ಕರ್ಸರ್ ಬಿಟ್ಟ ಅಕ್ಷರದ ಪಕ್ಕದಲ್ಲೇ ಮಿಣುಕುತ್ತಿರುತ್ತದೆ. ಆ ಸುಖ ಅನುಭವಿಸಿದವರಿಗೇ ಗೊತ್ತು.

ಜೋಡಿಸುವ ವಿಷಯದಲ್ಲಿ ನನ್ನದೊಂದು ಹಟ. ಒಂದು ಕೆಲಸಕ್ಕೆ ಒಂದು ಸೆಷನ್. ಎಡಿಟರುಗಳೆಲ್ಲ ಒಂದು ಕಡೆ, ಲಾಗುಗಳೆಲ್ಲ ಇನ್ನೊಂದು ಕಡೆ ಎಂದು ಗುಡ್ಡೆ ಹಾಕುವವರಿದ್ದಾರೆ. ಅವರ ಸಹನೆಗೆ ನಮಸ್ಕಾರ. ನನ್ನ ಪ್ರತಿ ಸೆಷನ್ನಿನಲ್ಲೂ ಮೊದಲ ವಿಂಡೋ ಎಡಿಟರು, ಎರಡನೆಯದು ಓಡುವ ಪ್ರೋಗ್ರಾಮು, ಮೂರನೆಯದು ಲಾಗು. ಕ್ರಮ ಬದಲಾಗುವುದಿಲ್ಲವಾದ್ದರಿಂದ ಬೆರಳು ಯೋಚಿಸದೆ ಹೋಗುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗುವುದನ್ನು ಮಾತ್ರ ಒಂದಕ್ಕೆ ಬದಲಿಸಿಕೊಂಡಿದ್ದೇನೆ. ಕೀಬೋರ್ಡಿನಲ್ಲಿ ಸೊನ್ನೆ ಇರುವುದು ಸಾಲಿನ ಆ ತುದಿಗೆ. ಪರದೆಯನ್ನು ಆರು ಪೇನುಗಳಾಗಿ ಸೀಳುವುದು ನೋಡಲು ಚೆಂದ, ಓದಲು ಶಿಕ್ಷೆ. ಎರಡು ಸಾಕು.

ಪರದೆಯ ತಳದಲ್ಲೊಂದು ಹಸಿರು ಪಟ್ಟಿ ಇರುತ್ತದೆ. ಎಡತುದಿಯಲ್ಲಿ ಚೌಕ ಕಂಸದೊಳಗೆ ಸೆಷನ್ನಿನ ಹೆಸರು, ಆಮೇಲೆ ವಿಂಡೋಗಳ ಸಾಲು. ಈಗಿರುವ ವಿಂಡೋಗೆ ನಕ್ಷತ್ರ, ಈಗಷ್ಟೇ ಬಿಟ್ಟು ಬಂದದ್ದಕ್ಕೆ ಅಡ್ಡಗೆರೆ. ಎಲ್ಲಿದ್ದೆ, ಎಲ್ಲಿಂದ ಬಂದೆ ಎರಡೂ ಅಲ್ಲೇ ಇದೆ.

ಲಾಗಿನ್ ಆದ ಸರ್ವರೇ ರೀಬೂಟ್ ಆದರೆ ಅಟ್ಟವೇ ಖಾಲಿ, ಅದೂ ನಿಜ. ರೆಸರೆಕ್ಟ್ ಎಂಬ ಪ್ಲಗಿನ್ನು ವಿಂಡೋ, ಫೋಲ್ಡರುಗಳನ್ನು ಮತ್ತೆ ಜೋಡಿಸಿಕೊಡುತ್ತದೆ. ನಡುವೆ ನಿಂತ ಲೆಕ್ಕವನ್ನು ಮುಂದುವರಿಸಿಕೊಡುವುದಿಲ್ಲ.

ಸೆಷನ್ನಿಗೆ ಹೆಸರಿಡದಿದ್ದರೆ ಟಿಮಕ್ಸ್ ತಾನೇ ಸೊನ್ನೆ, ಒಂದು, ಎರಡು ಎಂದು ಕರೆದುಕೊಳ್ಳುತ್ತದೆ. ವಾರ ಬಿಟ್ಟು ನೋಡಿದರೆ ಎರಡರೊಳಗೆ ಏನಿತ್ತೆಂದು ಯಾರಿಗೂ ನೆನಪಿರುವುದಿಲ್ಲ. ದಯವಿಟ್ಟು ಹೆಸರಿಡಿ, ಅದರಲ್ಲಿ ಚುಕ್ಕಿ ಹಾಕಬೇಡಿ. ಟಿಮಕ್ಸ್ ಅದನ್ನು ಒಪ್ಪುವುದಿಲ್ಲ.