ಅಪ್ಪನ ಕೀಸುವ ಮೆಷಿನ್

ಗುಜರಿಯವನು ಬಂದು ನೋಡಿ ಹೋಗಿದ್ದ. "ಬೀಡು ಕಬ್ಬಿಣ, ಮುನ್ನೂರು ಕಿಲೋ ಆದರೂ ಇದ್ದೀತು, ನಾಳೆ ಟೆಂಪೋ ತರುತ್ತೇನೆ" ಎಂದಿದ್ದ. ಅವನು ತೂಕಕ್ಕೆ ಹಾಕಲು ಹೊರಟದ್ದು ನಮ್ಮ ಅಪ್ಪನ ಮರ ಕೀಸುವ ಮೆಷಿನನ್ನು. ಮರುದಿನ ಟೆಂಪೋ ಅಂಗಳಕ್ಕೆ ಬಂದಾಗ ನಾವು ಅಣ್ಣ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕಡೆಗೆ ಎರಡು ಹಳೆಯ ಸೈಕಲ್ಲು, ಒಂದು ಒಡೆದ ಹಂಡೆ ಕೊಟ್ಟು ಅವನನ್ನು ಸಮಾಧಾನ ಮಾಡಿ ಕಳಿಸಿದೆವು. ಇದು 2021ರ ಮಾತು.

ಬದಿಯಡ್ಕದ ಕಡೆಯ ನಮ್ಮ ಮನೆಯ ಹಿಂದೆ, ಹಟ್ಟಿಗೆ ತಾಗಿದ ಶೆಡ್ಡಿನಲ್ಲಿ ಅಪ್ಪ ಮೂವತ್ತು ವರ್ಷ ಬಾಗಿಲು, ಕಿಟಕಿ, ಮಂಚ ಮಾಡಿದವರು. ಹಲಸು, ಹೆಬ್ಬಲಸು, ಬೋಗಿ, ಯಾವ ಮರವಾದರೂ ಮೊದಲು ಈ ಮೆಷಿನಿನ ಮೇಲೆ ಹಾಯಬೇಕು. ಎರಡು ಕಬ್ಬಿಣದ ಮೇಜು, ನಡುವೆ ತಿರುಗುವ ತಲೆ, ತಲೆಗೆ ಬ್ಲೇಡು. ಕೈಯಿಂದ ಹಲಗೆಯನ್ನು ಮುಂದೆ ತಳ್ಳಿದರೆ ಅಡಿಭಾಗ ಕನ್ನಡಿಯ ಹಾಗೆ ಬರುತ್ತಿತ್ತು. 1979ರ ಮಳೆಗಾಲದಲ್ಲಿ ಹಲಸಿನ ಗಿಡ್ಡ ತುಂಡೊಂದನ್ನು ಕೀಸುವಾಗ ಬ್ಲೇಡಿಗೆ ಗಂಟು ಸಿಕ್ಕಿ ತುಂಡು ಹಿಂದಕ್ಕೆ ಚಿಮ್ಮಿತು. ಅಪ್ಪನ ಎಡಗೈ ಕೆಳಗಿಳಿಯಿತು. ತೋರುಬೆರಳು, ನಡುಬೆರಳು ಎರಡೂ ಅರ್ಧ ಹೋದವು. ಮೂರು ತಿಂಗಳು ಕಳೆದು ಅದೇ ಮೆಷಿನಿನ ಮುಂದೆ ಮತ್ತೆ ನಿಂತರು. ನಿಲ್ಲದೆ ನಿರ್ವಾಹವಿರಲಿಲ್ಲ, ನಾವೆಲ್ಲ ಶಾಲೆಗೆ ಹೋಗುತ್ತಿದ್ದೆವು.

ಅವರು ಕೆಲಸ ನಿಲ್ಲಿಸಿದ ಮೇಲೆ ಮೆಷಿನಿನ ಮೇಲೆ ಗೋಣಿ ಬಿತ್ತು, ಗೋಣಿಯ ಮೇಲೆ ತೆಂಗಿನ ಮಡಲು ಬಿತ್ತು. ನಮ್ಮ ಕಡೆಯ ಮಳೆ ಗೊತ್ತಲ್ಲ, ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ.

ನಮ್ಮಲ್ಲಿ ಒಬ್ಬ ಕೊಲ್ಲಿಯಲ್ಲಿ ಹದಿನಾರು ವರ್ಷ ಫಿಟ್ಟರ್ ಆಗಿದ್ದವ, ಇನ್ನೊಬ್ಬ ಶಾಲೆಯ ಮಾಸ್ತರ. ಮನೆಯಲ್ಲೇ ಒಂದು ಸಣ್ಣ ಮರಗೆಲಸದ ಕೋಣೆ ಮಾಡಿಕೊಳ್ಳಬೇಕು, ಅಪ್ಪನ ಮೆಷಿನನ್ನು ಇದ್ದ ಹಾಗೆಯೇ ಎಬ್ಬಿಸಬೇಕು, ಒಂದು ಬೋಲ್ಟು ಕೂಡ ಬದಲಾಗಬಾರದು ಎಂದು ಹಟ ತೊಟ್ಟೆವು. ಅಪ್ಪನನ್ನು ಕೇಳಿದೆವು. "ನಿಮ್ಮಿಷ್ಟ" ಎಂದು ಪೇಪರ್ ಓದತೊಡಗಿದರು. ಶೆಡ್ಡಿನ ಕಡೆಗೆ ತಲೆ ಹಾಕಲಿಲ್ಲ.

ಬಿಚ್ಚುವುದಕ್ಕೇ ಎರಡು ವಾರ ಹಿಡಿಯಿತು. ಬೋಲ್ಟುಗಳಿಗೆ ದಿನವೂ ಚಿಮಿಣಿ ಎಣ್ಣೆ ಕುಡಿಸಿ, ಕಾಯಿಸಿ, ಹೊಡೆದು, ಮತ್ತೆ ಕುಡಿಸಿ ಒಂದೊಂದಾಗಿ ಸಡಿಲಿಸಿದೆವು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವ ಇರುವುದರಿಂದ ಒಣಗಿದ್ದನ್ನು ಉಜ್ಜಿ ಪುಡಿ ಮಾಡದೆ ಒದ್ದೆ ಮಾಡಿಯೇ ಕೆರೆದೆವು. ಸಣ್ಣ ಭಾಗಗಳ ತುಕ್ಕು ತೆಗೆದದ್ದು ಕರೆಂಟಿನಿಂದ. ಪ್ಲಾಸ್ಟಿಕ್ ಬಕೆಟಿನ ನೀರಿಗೆ ಬಟ್ಟೆ ಒಗೆಯುವ ಸೋಡಾ ಕದಡಿ, ತುಕ್ಕಿನ ಭಾಗವನ್ನು ಬ್ಯಾಟರಿ ಚಾರ್ಜರಿನ ಮೈನಸ್ಸಿಗೆ, ಒಂದು ಹಳೆಯ ಕಬ್ಬಿಣದ ಸರಳನ್ನು ಪ್ಲಸ್ಸಿಗೆ ಕಟ್ಟಿ, ಒಂದಕ್ಕೊಂದು ತಾಗದಂತೆ ಮುಳುಗಿಸಿಟ್ಟರೆ ರಾತ್ರಿ ಬೆಳಗಾಗುವಷ್ಟರಲ್ಲಿ ತುಕ್ಕು ಕರಿಯ ಕೆಸರಾಗಿ ಬಿಟ್ಟುಬರುತ್ತದೆ. ನೀರಿನಿಂದ ಹೈಡ್ರೋಜನ್ ಏಳುವುದರಿಂದ ಬಕೆಟನ್ನು ಅಂಗಳದಲ್ಲೇ ಇಡಬೇಕು, ಹತ್ತಿರ ಬೀಡಿ ಸಲ್ಲದು. ಸರಳಿನ ಬದಲು ಅಡುಗೆಮನೆಯ ಹಳೆಯ ಸ್ಟೀಲ್ ಸೌಟು ಆಗಬಹುದಲ್ಲ ಎಂದು ನಾವು ಹೊರಟದ್ದೂ ಉಂಟು. ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ನೀರಿನಲ್ಲಿ ವಿಷವಾಗಿ ಇಳಿಯುತ್ತದೆ ಎಂದು ಸಮಯಕ್ಕೆ ಸರಿಯಾಗಿ ತಿಳಿದು ಸೌಟೂ ಉಳಿಯಿತು, ನಾವೂ ಉಳಿದೆವು.

ಬೇರಿಂಗುಗಳು ಜಾಮ್ ಆಗಿದ್ದವು. ಹಳೆಯ ಮೆಷಿನಿನ ಬೇರಿಂಗು ಈಗೆಲ್ಲಿ ಸಿಗಬೇಕು ಎಂದು ಹೆದರಿಕೊಂಡು ಒರಸಿ ನೋಡಿದರೆ 6206 ಎಂಬ ನಂಬರು ಕಂಡಿತು. ಒಳಗೆ 30, ಹೊರಗೆ 62, ದಪ್ಪ 16 ಮಿಲಿಮೀಟರು. ಕಾಸರಗೋಡಿನ ಅಂಗಡಿಯಲ್ಲಿ ಐದು ನಿಮಿಷದಲ್ಲಿ ಕೈಗೆ ಬಂತು. (ಅಂಗಡಿಯವರಿಗೆ ಕೀಸುಳಿ ಎಂದರೆ ಅರ್ಥವಾಗಲಿಲ್ಲ, ಚಿಂತೇರು ಎನ್ನಬೇಕಾಯಿತು. ನಮ್ಮ ಊರಿನಲ್ಲಿ ಒಂದೊಂದು ಉಪಕರಣಕ್ಕೂ ಎರಡು ಹೆಸರು.)

ಹೀಗೆ ಎಲ್ಲ ಜೋಡಿಸಿ, ಸಿಂಗಲ್ ಫೇಸ್ ಮೋಟಾರು ಕಟ್ಟಿ, ಒಂದು ಭಾನುವಾರ ಮಧ್ಯಾಹ್ನ ಸ್ವಿಚ್ಚು ಹಾಕಿದೆವು. ಮೆಷಿನು ಗುಂಯ್ ಎಂದಿತು. ನಾವು ಕೈಕೈ ಕುಲುಕುವಷ್ಟರಲ್ಲಿ ಚಪ್ಪಟೆ ಬೆಲ್ಟು ಪುಲ್ಲಿಯಿಂದ ಜಾರಿ ಗೋಡೆಗೆ ಬಡಿಯಿತು. ಮತ್ತೆ ಹಾಕಿದೆವು, ಮತ್ತೆ ಜಾರಿತು. ಮೋಟಾರನ್ನು ಅತ್ತ ಸರಿಸಿ, ಇತ್ತ ಸರಿಸಿ ನೋಡಿದೆವು. ಐದನೆಯ ಸಲ ಜಾರಿದಾಗ ಹಿಂದಿನಿಂದ ದನಿ ಬಂತು.

"ಪುಲ್ಲಿಯ ಹೊಟ್ಟೆ ಎಲ್ಲಿ?"

ಅಪ್ಪ ಕೋಲು ಊರಿಕೊಂಡು ಬಾಗಿಲಲ್ಲಿ ನಿಂತಿದ್ದರು. ಸದ್ದು ಕೇಳಿ ಬಂದಿರಬೇಕು.

ತಪ್ಪು ನಮ್ಮದೇ. ಮೋಟಾರಿನ ಪುಲ್ಲಿ ನಡುವೆ ಸ್ವಲ್ಪ ಉಬ್ಬಿತ್ತು. ಸವೆದು ಹಾಗಾಗಿದೆ ಎಂದುಕೊಂಡು ಲೇತಿನವನಿಗೆ ಕೊಟ್ಟು ಸಪಾಟು ಮಾಡಿಸಿದ್ದೆವು. ಚಪ್ಪಟೆ ಬೆಲ್ಟು ಯಾವಾಗಲೂ ಪುಲ್ಲಿಯ ದಪ್ಪ ಇರುವ ಕಡೆಗೇ ಏರುತ್ತದೆ. ನಡು ಉಬ್ಬಿದ್ದರೆ ತಾನಾಗಿ ನಡುವಿನಲ್ಲಿ ನಿಲ್ಲುತ್ತದೆ. ಮಿಲಿಮೀಟರಿಗೂ ಕಡಿಮೆಯ ಆ ಉಬ್ಬು ಮೆಷಿನ್ ಮಾಡಿದವನ ಬುದ್ಧಿ. ನಾವು ಕಾಸು ಕೊಟ್ಟು ಅದನ್ನು ತೆಗೆಸಿದ್ದೆವು!

ಅಪ್ಪ ಒಳಗೆ ಬಂದು ಮೆಷಿನಿನ ಸುತ್ತ ಒಂದು ಸುತ್ತು ಹಾಕಿದರು. ತಲೆಯ ಎದುರು ನಿಂತರು.

"ಇದನ್ನು ಯಾಕೆ ಹಾಕಿದಿರಿ?"

"ಇದರದ್ದೇ ಅಲ್ಲವಾ ಅಪ್ಪ. ಬೇರೆ ಹಾಕಿದರೆ ಹಳೆಯ ಮೆಷಿನ್ ಆಗುವುದಿಲ್ಲ."

"ನನಗೆ ಬೇರೆ ಆಗುತ್ತಿರಲಿಲ್ಲ. ನಿಮಗೆ ಆಗುತ್ತದಲ್ಲ."

ಆ ತಲೆ ಚೌಕದ್ದು. ನಾಲ್ಕು ಮೂಲೆಯ ಉಕ್ಕಿನ ದಿಂಡಿಗೆ ಎದುರುಬದುರು ಎರಡು ಬ್ಲೇಡು. ಮೂಲೆಗಳು ತಿರುಗಲು ಎಡೆ ಬೇಕಾದ್ದರಿಂದ ಮೇಜುಗಳ ನಡುವೆ ದೊಡ್ಡ ಸಂದು, ಚಪ್ಪಟೆ ಬದಿ ಎದುರಾದಾಗ ಅಲ್ಲೊಂದು ಹೊಂಡ. ಕೈ ಜಾರಿದರೆ ಸೀದಾ ಒಳಗೆ. ದುಂಡು ತಲೆಯಲ್ಲಿ ಬ್ಲೇಡು ಒಂದು ಮಿಲಿಮೀಟರಿನಷ್ಟೇ ಹೊರಗಿರುತ್ತದೆ. ಅದಕ್ಕೂ ಕೈ ಕೊಡಬಾರದು ನಿಜ, ಆದರೆ ಗಾಯ ಚರ್ಮದ ಮಟ್ಟಿಗೆ ನಿಲ್ಲುವ ಸಾಧ್ಯತೆ ಹೆಚ್ಚು. ಬ್ರಿಟನ್ನಿನಲ್ಲಿ ಕೈಯಿಂದ ತಳ್ಳಿ ಕೀಸುವ ಮೆಷಿನುಗಳಿಗೆ ದುಂಡು ತಲೆಯೇ ಇರಬೇಕೆಂದು 1922ರಲ್ಲೇ ನಿಯಮ ಮಾಡಿದ್ದರು. ನಮ್ಮಲ್ಲಿ ತಿರುಗುವ ಭಾಗಗಳಿಗೆ ಮರೆ ಇರಬೇಕೆಂದು 1948ರ ಕಾರ್ಖಾನೆ ಕಾಯಿದೆ ಹೇಳಿತ್ತು. ಒಬ್ಬನೇ ಬಡಗಿ ದುಡಿಯುವ ಶೆಡ್ಡು ಆ ಕಾಯಿದೆಯ ಕಣ್ಣಿಗೆ ಕಾರ್ಖಾನೆಯೇ ಆಗಿರಲಿಲ್ಲ.

ಆ ಸಂಜೆ ಜಗಲಿಯಲ್ಲಿ ಅಪ್ಪ ಹೇಳಿದ್ದು ನಮಗೆ ಹೊಸತು. ದುಂಡು ತಲೆಯನ್ನು ಅವರು ಮಂಗಳೂರಿನ ಮರದ ಮಿಲ್ಲೊಂದರಲ್ಲಿ ಮೊದಲೇ ನೋಡಿದ್ದರಂತೆ. ಕ್ರಯ ಕೇಳಿ ಬಂದಿದ್ದರಂತೆ. ಆ ವರ್ಷ ಅಕ್ಕನ ಮದುವೆ. ಮಳೆಗಾಲ ಕಳೆಯಲಿ ಎಂದುಕೊಂಡರಂತೆ. ಹೇಳಿ ಮುಗಿಸಿ, "ಊಟಕ್ಕೆ ಏನುಂಟು?" ಎಂದು ಒಳಗೆ ಹೋದರು. ಪಕ್ಕದಲ್ಲಿದ್ದ ಅಕ್ಕ ತುಂಬ ಹೊತ್ತು ಎದ್ದೇಳಲಿಲ್ಲ.

ಮೂರು ಬ್ಲೇಡಿನ ದುಂಡು ತಲೆಯನ್ನು ಕೊಯಮತ್ತೂರಿನಿಂದ ತರಿಸಿದೆವು. ಪುಲ್ಲಿಗೆ ಹೊಟ್ಟೆ ಮರಳಿ ಬಂತು. ಮೋಟಾರು ನಿಮಿಷಕ್ಕೆ 1440 ಸುತ್ತಿದರೆ ತಲೆ ಅದರ ಮೂರು ಪಟ್ಟು, 4320. ಬೆಲ್ಟಿಗೆ ತಗಡಿನ ಮರೆ, ತಲೆಯ ಮೇಲೆ ಏರಿಸಿ ಇಳಿಸಬಹುದಾದ ಸೇತುವೆಯಂಥ ಮರೆ ಮಾಡಿಸಿದೆವು. ಮೆಷಿನಿನ ಅಂದ ಅಷ್ಟರಮಟ್ಟಿಗೆ ಕೆಟ್ಟಿತು ಎನ್ನಿ. ಓದುಗರ ಮನೆಯಲ್ಲಿ ಇಂಥ ಹಳೆಯ ಮೆಷಿನ್ ಇದ್ದರೆ, ಬಣ್ಣ ಬಳಿಯುವ ಮೊದಲು ತಲೆಯನ್ನು ನೋಡಿ. ಚೌಕವಾಗಿದ್ದರೆ ನೆನಪಿಗೆ ಕಪಾಟಿನಲ್ಲಿಡಿ, ಓಡಿಸಬೇಡಿ.

ಬ್ಲೇಡು ಕೂರಿಸಲು ಅಪ್ಪ ಸ್ಟೂಲ್ ಹಾಕಿಸಿಕೊಂಡು ಕೂತರು. ಪ್ಲಗ್ ಕಿತ್ತು ಅವರ ಪಕ್ಕದಲ್ಲಿಡಬೇಕು, ಅವರ ಕಣ್ಣಿಗೆ ಕಾಣುವಂತೆ. ಹಿಂದಿನ ಮೇಜಿನ ಮೇಲೆ ನೆಟ್ಟಗಿನ ಮರದ ಪಟ್ಟಿ ಇಟ್ಟು ತಲೆಯನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಬ್ಲೇಡು ಪಟ್ಟಿಯನ್ನು ತುಸು ಮುಂದೆ ಒಯ್ಯುತ್ತದೆ. ಮೂರು ಬ್ಲೇಡೂ, ಎರಡು ತುದಿಯಲ್ಲೂ, ಒಂದೇ ಅಳತೆ ಒಯ್ಯಬೇಕು. ನಾವು ಸಾಕು ಎಂದಲ್ಲೆಲ್ಲ ಅವರು ಸಾಲದು ಎಂದರು. ಗಿಡ್ಡ ತುಂಡುಗಳನ್ನು ತಳ್ಳಲು ಹಿಡಿಯಿರುವ ಹಲಸಿನ ಹಲಗೆಯೊಂದನ್ನು ತಾವೇ ಉಳಿಯಲ್ಲಿ ಕೆತ್ತಿ ಕೊಟ್ಟರು. ಕೆತ್ತಲು ನಾಲ್ಕು ದಿನ ಹಿಡಿಯಿತು.

ಮೊದಲ ಹಲಗೆಯೂ ಹಲಸಿನದ್ದೇ. ಹಳದಿ ಸಿಪ್ಪೆ ಹಾರಿ ಶೆಡ್ಡೆಲ್ಲ ಮರದ ಪರಿಮಳ ತುಂಬಿತು. ಹಲಗೆಯನ್ನು ಅಪ್ಪನ ಮಡಿಲಲ್ಲಿಟ್ಟೆವು. ಅವರು ಕನ್ನಡಕ ತೆಗೆದಿಟ್ಟು, ಎಡಗೈಯ ಮೋಟು ಬೆರಳುಗಳನ್ನು ಮೆಲ್ಲಗೆ ಹಲಗೆಯ ಉದ್ದಕ್ಕೆ ಎಳೆದರು. ಕೊನೆಯಲ್ಲಿ, ಎರಡು ಇಂಚು ಉಳಿದಿರುವಾಗ, ಬೆರಳು ನಿಂತಿತು.

"ಇಲ್ಲಿ ಕಚ್ಚಿದೆ. ಹಿಂದಿನ ಮೇಜು ಕೂದಲೆಳೆಯಷ್ಟು ತಗ್ಗಿದೆ, ಏರಿಸಿ."

ನಾವು ಕಣ್ಣಿಟ್ಟು ನೋಡಿದೆವು, ಏನೂ ಕಾಣಲಿಲ್ಲ. ಪ್ಲಗ್ ಕಿತ್ತು ಅವರ ಪಕ್ಕದಲ್ಲಿಟ್ಟು ಸ್ಪ್ಯಾನರ್ ತೆಗೆದುಕೊಂಡೆವು.