ಮೈಕಿಗೂ ಸಾಲಾವಳಿ ನೋಡಬೇಕು

ಮಂಡ್ಯ ಸೀಮೆಯಲ್ಲಿ ಒಬ್ಬ ಮನುಷ್ಯನ ಗುಣಗಾನ ಮಾಡುವಾಗ ಗದ್ದೆ ಎಷ್ಟು, ಕಬ್ಬು ಎಷ್ಟು ಎಂಬುದರ ಜೊತೆಗೆ ‘ಯಾವ ಪಾರ್ಟು ಮಾಡವ್ರೆ?’ ಎಂದೂ ಕೇಳುವುದುಂಟು. ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಬೂಕನಕೆರೆಯ ಸುತ್ತಿನ ಊರುಗಳೂ ಇದಕ್ಕೆ ಹೊರತಲ್ಲ. ಸುಗ್ಗಿ ಮುಗಿದು ಕಣ ಬರಿದಾದರೆ ಸಾಕು, ಹಾರ್ಮೋನಿಯಂ ಮೇಷ್ಟ್ರು ಬಂದಿಳಿಯುತ್ತಾರೆ. ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ಯ ತಾಲೀಮು ಶುರುವಾಗುತ್ತದೆ. ಇಲ್ಲಿ ನಟನಿಗೆ ಸಂಬಳವಿಲ್ಲ, ನಟನೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಕೃಷ್ಣ, ದುರ್ಯೋಧನರಂಥ ಪಾತ್ರಗಳೆಂದರೆ ದುಬಾರಿ ಬಾಬತ್ತು. ತಿಂಗಳುಗಟ್ಟಲೆ ಅಭ್ಯಾಸ, ಕೊನೆಗೆ ಒಂದೇ ಒಂದು ರಾತ್ರಿಯ ಪ್ರದರ್ಶನ. ಆ ರಾತ್ರಿ ಅವನ ದನಿ ಕೇಳಿಸದಿದ್ದರೆ ಹೋದದ್ದು ಹೋದಂತೆಯೇ.

1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದಾಗ ಮೈಕು ಎಲ್ಲಿತ್ತು? ಏರು ಶ್ರುತಿಯಲ್ಲಿ ಹಾಡಿ ಕೊನೆಯ ಸಾಲಿಗೆ ಮುಟ್ಟಿಸುವ ಗಂಟಲಿದ್ದವನೇ ನಟ. ಆಮೇಲೆ ನಮ್ಮ ರಂಗಸ್ಥಳಗಳಿಗೆ ತೂಗು ಮೈಕುಗಳು ಬಂದವು. ಹಗ್ಗಕ್ಕೆ ಜೋತುಬಿದ್ದ ಮೂರೋ ನಾಲ್ಕೋ ಮೈಕು. ಅರ್ಜುನ ಬಾಣ ಹೂಡುವುದೂ ಅದರ ಕೆಳಗೆ, ದ್ರೌಪದಿ ಅಳುವುದೂ ಅದರ ಕೆಳಗೆ. ಯಾರೂ ಮೂಲೆಗೆ ಹೋಗುವಂತಿರಲಿಲ್ಲ. ಈಗ ವೈರ್‌ಲೆಸ್ ಮೈಕು ಬಂದು ನಟನ ಕಾಲಿಗೆ ಬಿಡುಗಡೆ ಸಿಕ್ಕಿದೆ. ಆದರೆ ಬಿಡುಗಡೆಯ ಜೊತೆ ಹೊಸ ತಾಪತ್ರಯಗಳೂ ಸಿಕ್ಕಿವೆ.

ಕೆಲವು ವರ್ಷಗಳ ಹಿಂದಿನ ಮಾತು. ವೈಶಂಪಾಯನ ಸರೋವರದ ದೃಶ್ಯ. ಸೋತು ಸುಣ್ಣವಾದ ದುರ್ಯೋಧನ ಗದೆ ಊರಿಕೊಂಡು ಶೋಕದ ಆಲಾಪ ಎತ್ತಿದ್ದಾನೆ. ಸ್ಪೀಕರಿನಲ್ಲಿ ಮಾತ್ರ ‘ಲೋ, ಒಂದ್ ಲೋಟ ಟೀ ತತ್ತಾರ್ಲಾ!’ ಎಂಬ ಅಪ್ಪಣೆ. ಒಂದು ಗಂಟೆ ಹಿಂದೆ ಸತ್ತಿದ್ದ ಕರ್ಣ ಬಣ್ಣದ ಮನೆಯಲ್ಲಿ ಮೈಕು ಬಿಚ್ಚದೆ ಕೂತಿದ್ದ. ಬಾಡಿಗೆಗೆ ತಂದಿದ್ದ ಎರಡು ಸೆಟ್ಟುಗಳು ಒಂದೇ ತರಂಗಾಂತರದವು. ರಿಸೀವರ್ ಪೆಟ್ಟಿಗೆ ಬಣ್ಣದ ಮನೆಯ ಪರದೆಗೇ ಒರಗಿತ್ತು. ಹತ್ತಿರದವನ ಜೋರು ಸಂಕೇತವನ್ನು ಅದು ಹಿಡಿದುಕೊಂಡಿತು, ದೂರದವನನ್ನು ಕೈಬಿಟ್ಟಿತು. ಜನ ಬಿದ್ದೂ ಬಿದ್ದೂ ನಕ್ಕರು. ಎರಡು ಕರು ಮಾರಿ ಪಾತ್ರ ಹಿಡಿದಿದ್ದ ದುರ್ಯೋಧನ ನಗಲಿಲ್ಲ.

ಮಾರನೆಯ ವರ್ಷ, ರೇಡಿಯೊ ರಿಪೇರಿ ಬಲ್ಲವನೆಂಬ ಒಂದೇ ಅರ್ಹತೆಯ ಮೇಲೆ, ಮೈಕಿನ ಉಸ್ತುವಾರಿ ನನ್ನ ಹೆಗಲಿಗೆ ಬಿತ್ತು. ಆಗ ನನಗೆ ಹೊಳೆದದ್ದು ಇಷ್ಟೆ: ಒಳ್ಳೆಯ ಮೈಕು, ಕೆಟ್ಟ ಮೈಕು ಎಂಬುದು ಆಮೇಲಿನ ಪ್ರಶ್ನೆ. ಮೊದಲು ಸಾಲಾವಳಿ ಕೂಡಬೇಕು. ಅದೂ ಮೂರು ಬಗೆಯಲ್ಲಿ.

ಮೊದಲನೆಯದು ಪೆಟ್ಟಿಗೆಗೂ ಪೆಟ್ಟಿಗೆಗೂ. ಸೊಂಟಕ್ಕೆ ಕಟ್ಟುವ ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಒಂದೇ ತರಂಗಪಟ್ಟಿಯವಾಗಿರಬೇಕು. ಒಂದೇ ಕಂಪನಿಯ ಒಂದೇ ಮಾದರಿಯೇ ಬೇರೆ ಬೇರೆ ಪಟ್ಟಿಗಳಲ್ಲಿ ಬರುತ್ತದೆ. ಮೇಲಿನ ಹೆಸರು ನೋಡಿದರೆ ಸಾಲದು, ಹಿಂಬದಿಯ ಚೀಟಿ ಓದಬೇಕು. ಪಿನ್ನಿನದೂ ಅದೇ ಕಥೆ. ಶೂರ್ ಪೆಟ್ಟಿಗೆಗಳಲ್ಲಿ ನಾಲ್ಕು ಪಿನ್ನಿನ ಸಣ್ಣ ಕನೆಕ್ಟರ್ ಸಾಮಾನ್ಯ, ಸೆನ್‌ಹೈಸರ್‌ನ ಬಹುತೇಕ ಸೆಟ್ಟುಗಳಲ್ಲಿ ತಿರುಪು ಹಾಕುವ 3.5 ಮಿಲಿಮೀಟರ್ ಜಾಕ್. ಇದರ ಮೈಕು ಅದಕ್ಕೆ ಕೂರುವುದಿಲ್ಲ. ಅಗ್ಗಕ್ಕೆ ಸಿಗುವ ಹಳೆಯ ಸೆಟ್ಟಿನ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿ ಮೊಬೈಲ್ ಸೇವೆಗೆ ಮಾರಾಟವಾಗಿದೆ. ಆ ಪಟ್ಟಿಯ ಮೈಕು ಕೊಂಡವನು ಮೊಬೈಲ್ ಟವರಿನ ಜೊತೆ ಗದಾಯುದ್ಧಕ್ಕೆ ಇಳಿದಂತೆ.

ಎರಡನೆಯದು ಮೈಕಿಗೂ ಮೈಕಿಗೂ. ತರಂಗಾಂತರಗಳು ಬೇರೆ ಬೇರೆ ಇದ್ದರೆ ಸಾಕೆಂದು ನಮ್ಮವರು ತಿಳಿದಿದ್ದರು. ಸಾಲದು. 650, 651, 652 ಮೆಗಾಹರ್ಟ್ಸ್ ಎಂದು ಸಮ ಅಂತರದಲ್ಲಿ ಮೂರನ್ನು ಇಟ್ಟಿರೆನ್ನಿ. ಮೊದಲೆರಡು ಪೆಟ್ಟಿಗೆಗಳು ಹತ್ತಿರ ಬಂದಾಗ ಅವುಗಳ ಬೆರಕೆಯಿಂದ ಹೊಸ ಸಂಕೇತವೊಂದು ಹುಟ್ಟುತ್ತದೆ. 651ರ ಇಮ್ಮಡಿಯಿಂದ 650 ಕಳೆಯಿರಿ: ಉಳಿಯುವುದು 652! ಭೀಮಾರ್ಜುನರು ಅಪ್ಪಿಕೊಂಡರೆ ಶಕುನಿಯ ಮೈಕು ಕರಕರ ಎನ್ನುತ್ತದೆ. ಆದ್ದರಿಂದ ಅಂತರಗಳನ್ನು ಬೇಕೆಂದೇ ಅಸಮವಾಗಿ ಇಡಬೇಕು. ಒಳ್ಳೆಯ ಸೆಟ್ಟುಗಳಲ್ಲಿ ಹೀಗೆ ಮೊದಲೇ ಹೊಂದಿಸಿಟ್ಟ ಗುಂಪುಗಳಿರುತ್ತವೆ. ಎಲ್ಲ ಮೈಕನ್ನೂ ಒಂದೇ ಗುಂಪಿನಿಂದ ಆರಿಸಿಕೊಂಡರೆ ಅರ್ಧ ತಲೆನೋವು ಕಡಿಮೆ.

ಮೂರನೆಯದು ಮೈಕಿಗೂ ಮನುಷ್ಯನಿಗೂ. ಇದೇ ಕಷ್ಟದ್ದು. ಬಾಯಿಗೂ ಮೈಕಿಗೂ ನಡುವಿನ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಎದೆಗೆ ಸಿಕ್ಕಿಸುವ ಕಾಲರ್ ಮೈಕು ಭಾಷಣಕಾರನಿಗೆ ಸರಿ; ನಮ್ಮ ಕೃಷ್ಣನ ಎದೆಯ ಮೇಲಾದರೋ ಮಣಿಸರ, ಹೂವಿನ ಹಾರ, ಅಭಿಮಾನಿಗಳು ಹಾಕಿದ ನೋಟಿನ ಹಾರ. ಹಾಡಿಗಿಂತ ಸರಬರ ಸದ್ದೇ ಹೆಚ್ಚು. ಅವನಿಗೆ ಕೆನ್ನೆಗೆ ಬರುವ ಹೆಡ್‌ಸೆಟ್ ಮೈಕೇ ಬೇಕು, ಅದನ್ನೂ ಕಿರೀಟ ಇಡುವ ಮುಂಚೆಯೇ ಕಿವಿಗೆ ಸಿಕ್ಕಿಸಿ ಪಟ್ಟಿ ಅಂಟಿಸಬೇಕು. ಮೈ ಎಂದರೆ ಬಹುಪಾಲು ನೀರು. ಅದು ರೇಡಿಯೊ ಅಲೆಯನ್ನು ನುಂಗುತ್ತದೆ. ಹಾಗಾಗಿ ಸೊಂಟದ ಪೆಟ್ಟಿಗೆಯ ಆಂಟೆನಾ ಬೆವೆತ ಮೈಗೆ ಅಂಟದಂತೆ ಕಟ್ಟಬೇಕು, ರಿಸೀವರನ್ನು ನಟರಿಗೆ ನೇರವಾಗಿ ಕಾಣುವಂತೆ ಎತ್ತರದಲ್ಲಿ ಇಡಬೇಕು. ಎರಡು ಪೆನ್‌ಸೆಲ್ ಏಳೆಂಟು ಗಂಟೆ ಬಾಳಬಹುದು; ನಮ್ಮ ಕುರುಕ್ಷೇತ್ರ ಬೆಳಗಿನ ಜಾವದವರೆಗೆ. ನಡುರಾತ್ರಿ ಸೆಲ್ ಬದಲಿಸುವುದಕ್ಕೆಂದೇ ಒಬ್ಬ ಹುಡುಗನನ್ನು ನೇಮಿಸಿದೆವು. ಪಾತ್ರ ಮುಗಿಸಿ ಬಂದವನ ಮೈಕು ಆರಿಸುವುದೂ ಅವನದೇ ಕೆಲಸ.

ಇಷ್ಟಾದ ಮೇಲೆ ಎಷ್ಟು ಮೈಕು ಎಂಬ ಪ್ರಶ್ನೆ ಎದ್ದಿತು. ‘ದುಡ್ಡು ಎಲ್ಲರೂ ಕಟ್ಟವ್ರೆ, ಎಲ್ರಿಗೂ ಒಂದೊಂದು ಬೇಕು’ ಎಂದರು ಪಾತ್ರಧಾರಿಗಳು. ನ್ಯಾಯವೇ. ಆದರೆ ತೆರೆದ ಮೈಕುಗಳ ಸಂಖ್ಯೆ ಇಮ್ಮಡಿಯಾದರೆ, ಸ್ಪೀಕರು ಕುಂಯ್ ಎಂದು ಅರಚುವ ಮುನ್ನ ಏರಿಸಬಹುದಾದ ದನಿ 3 ಡೆಸಿಬೆಲ್ ತಗ್ಗುತ್ತದೆ. ಕೊನೆಗೆ ಹಾಡು ಹೆಚ್ಚಿರುವವರಿಗೆಂದು ನಾಲ್ಕು ವೈರ್‌ಲೆಸ್, ಉಳಿದವರಿಗೆ ಎರಡು ತೂಗು ಮೈಕು, ಹಾರ್ಮೋನಿಯಂ ಮತ್ತು ತಬಲಕ್ಕೆ ತಂತಿಯದ್ದೇ ಎಂದು ತೀರ್ಮಾನವಾಯಿತು. ಒಂದನೆಯ ಕೃಷ್ಣ ಬಿಚ್ಚಿದ್ದನ್ನು ಎರಡನೆಯ ಕೃಷ್ಣ ಕಟ್ಟಿಕೊಳ್ಳುವುದು.

ಆ ಸಲವೂ ದುರ್ಯೋಧನನ ಪಾರ್ಟು ಹಿಡಿದವನು ಆ ಹಳೆಯ ದುರ್ಯೋಧನನೇ. ‘ಅಣ್ಣ, ಮೈಕು ಎಂಥದಾರ ತತ್ತಾ. ನಮ್ಮವ್ವಂಗೆ ಕಿವಿ ಮಂದ. ಅವ್ಳಿಗೆ ಕೇಳಿದ್ರೆ ಊರಿಗೆಲ್ಲ ಕೇಳ್ದಂಗೆ’ ಎಂದ. ಹಿಂದಿನ ಸಂಜೆ ಎಲ್ಲರಿಗೂ ಕಿರೀಟ, ಭುಜಕೀರ್ತಿ ತೊಡಿಸಿ, ಎಲ್ಲ ಮೈಕೂ ಒಟ್ಟಿಗೆ ಹಚ್ಚಿ, ರಂಗದ ತುಂಬ ಓಡಾಡಿಸಿದೆವು. ಅಂಗಡಿಯವರು ಒಂದೊಂದನ್ನೇ ‘ಹಲೋ ಹಲೋ’ ಎಂದು ತೋರಿಸುವುದು ಪರೀಕ್ಷೆಯಲ್ಲ. ಮದುವೆ ಗಂಡಿನ ಫೋಟೋ ತೋರಿಸಿದ ಹಾಗೆ ಅಷ್ಟೆ. ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಆ ತಾಯಿಯನ್ನು ಕೂರಿಸಿದ್ದೆವು. ಮಗ ಎರಡು ಸಾಲು ಹಾಡಿದ. ಆಕೆ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ, ‘ಇನ್ನೊಂದು ದಪ ಯೋಳ್ಲಾ’ ಎಂದಳು.