ಆಂಥೂರಿಯಂಗೆ ಎಣ್ಣೆನೀರು

ನಾಗಮಂಗಲದಲ್ಲಿ ‘ನುಸಿ’ ಎಂದರೆ ಯಾರಾದರೂ ಮೊದಲು ತಲೆಯೆತ್ತಿ ತೆಂಗಿನಮರ ನೋಡುತ್ತಾರೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಆಮೇಲೆ ನಮ್ಮ ಸೀಮೆಗೂ ದಾಟಿ ಬಂದು, ಎಳಗಾಯಿಗಳ ಮೈಯೆಲ್ಲ ಕಂದುಗಟ್ಟಿಸಿದ ನೆನಪು ಇನ್ನೂ ಆರಿಲ್ಲ. ಹಾಗಾಗಿ ‘ಮನೆಯೊಳಗಿನ ಹೂಗಿಡಕ್ಕೆ ನುಸಿ ಬಿದ್ದಿದೆ’ ಎಂದು ಕೆ.ಆರ್. ಪೇಟೆಯ ದೊಡ್ಡವ್ವನಿಗೆ ಫೋನಿನಲ್ಲಿ ಹೇಳಿದರೆ, ‘ನಡುಮನೇಲಿ ತೆಂಗಿನ್ಮರ ಮಡಗಿದ್ದೀಯೇನ್ಲಾ?’ ಎಂದಳು.

ಮಡಗಿದ್ದು ಆಂಥೂರಿಯಂ. ಶ್ರೀರಂಗಪಟ್ಟಣದ ಹೆದ್ದಾರಿ ಬದಿಯಲ್ಲಿ ಜೋಡಿ ಕುಂಡ ಕೊಂಡು, ಒಂದನ್ನು ಪಾಂಡವಪುರದ ತಂಗಿಗೆ ಕೊಟ್ಟು, ಇನ್ನೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದೆ. ತಂಗಿಯ ಮನೆ ಹಿಂದೆಯೇ ವಿಶ್ವೇಶ್ವರಯ್ಯ ನಾಲೆ, ಅದರಾಚೆ ಗದ್ದೆ. ಅಲ್ಲಿ ಬೀಸುವ ಗಾಳಿಯಲ್ಲೂ ತೇವ. ನಮ್ಮ ಕಡೆ ಶಿವರಾತ್ರಿ ಕಳೆಯಿತೆಂದರೆ ಗಾಳಿ ಹೊತ್ತು ತರುವುದು ಬರೀ ಧೂಳು. ಅವಳ ಗಿಡ ಮಿರಮಿರ ಮಿಂಚುತ್ತಿದ್ದರೆ, ನನ್ನದರ ಎಲೆಯ ಮೇಲೆಲ್ಲ ರವೆ ಚೆಲ್ಲಿದಂತೆ ಚುಕ್ಕೆ. ತೊಟ್ಟಿನ ಸಂದಿಯಲ್ಲಿ ಉಸಿರು ಬಿಟ್ಟರೂ ಅದುರುವ ನವಿರು ಬಲೆ. ಬಿಳಿ ಹಾಳೆ ಹಿಡಿದು ಎಲೆ ತಟ್ಟಿದೆ. ಉದುರಿದ ಧೂಳಿನಲ್ಲಿ ನಾಲ್ಕಾರು ಕಣ ಎದ್ದು ನಡೆಯತೊಡಗಿದವು!

ಅರ್ಧ ಮಿಲಿಮೀಟರು ಮೈ, ಎಂಟು ಕಾಲು. ಕೀಟವಲ್ಲ, ಜೇಡನ ದಾಯಾದಿ. ಜೇಡನಂತೆ ಬಲೆ ನೇಯುವುದಕ್ಕೇ ಜೇಡನುಸಿ ಎಂಬ ಹೆಸರು. ಎಲೆಯ ತಳಕ್ಕೆ ಕಚ್ಚಿಕೊಂಡು ರಸ ಹೀರುತ್ತದೆ. ಸೆಕೆ 30 ಡಿಗ್ರಿ ಮುಟ್ಟಿತೋ, ಮೊಟ್ಟೆಯಿಂದ ಪ್ರಾಯಕ್ಕೆ ಬರಲು ವಾರ, ಹತ್ತು ದಿನ ಸಾಕು. ಶಿವರಾತ್ರಿಯಲ್ಲಿ ಬಂದದ್ದು ಯುಗಾದಿಯೊಳಗೆ ಮುತ್ತಜ್ಜಿ.

ನಾನು ಮೊದಲು ಮಾಡಿದ ಮದ್ದು ಬೂದಿ. ಅವ್ವ ಅವರೆಗಿಡಕ್ಕೆ ಎರಚುತ್ತಿದ್ದಳಲ್ಲ ಎಂಬ ಧೈರ್ಯ. ಧೂಳು ಕಂಡರೆ ಹಿಗ್ಗುವ ಜೀವಕ್ಕೆ ಇನ್ನೊಂದು ಹಿಡಿ ಧೂಳು ಬಡಿಸಿದ ಹಾಗಾಯಿತು.

ಶನಿವಾರ ದೊಡ್ಡವ್ವನೇ ಬಂದಳು. ಚೀಲದಲ್ಲಿ ಬೇವಿನೆಣ್ಣೆ, ಒಂದು ಹಿಡಿ ಅಂಟುವಾಳ. ಗಿಡವನ್ನು ಒಮ್ಮೆ, ಮುಚ್ಚಿದ ಕಿಟಕಿಯನ್ನು ಒಮ್ಮೆ ನೋಡಿ, ‘ಮಳೆ ಕಾಣದಿರೋ ಮಗ ಕಣಪ್ಪ ಇದು’ ಎಂದಳು. ನನಗೆ ತೊಟ್ಟಿಮನೆ ಕಣ್ಣಿಗೆ ಕಟ್ಟಿತು. ಅಲ್ಲಿಯೂ ಗಿಡಗಳು ಮನೆಯೊಳಗೇ ಇದ್ದವು. ಆದರೆ ನಡುಮನೆಗೇ ಆಕಾಶ ಇಳಿಯುತ್ತಿತ್ತು. ಮಳೆ ಬಂದರೆ ತೊಟ್ಟಿಯ ಕಲ್ಲಿಗೆ ಬಡಿದು ಸಿಡಿದ ಹನಿ ಎಲೆಯ ಅಡಿಯನ್ನೂ ತೊಳೆಯುತ್ತಿತ್ತು. ಆರ್‌ಸಿಸಿ ಹಾಕಿಸಿದವರು ಹನಿಗೂ ದಾರಿ ಬಿಟ್ಟಿಲ್ಲ.

ಅಂಟುವಾಳವನ್ನು ನೆನೆಸಿ ಕಿವುಚಿ, ಸೋಸಿ, ನೊರೆ ಬರಿಸಿದಳು. ಎಣ್ಣೆ ನೀರಿನ ಜೊತೆ ಸೇರದು. ಈ ನೊರೆಯೇ ನಡುವೆ ನಿಂತು ಸಂಧಾನ ಮಾಡಬೇಕು. ಒಂದು ಲೀಟರಿಗೆ ಒಂದು ಚಹಾ ಚಮಚ, ಅಂದರೆ 5 ಮಿಲಿ ಬೇವಿನೆಣ್ಣೆ. ಹಾಲಿನಂತೆ ಬೆಳ್ಳಗಾಯಿತು. (ರೇಷ್ಮೆ ಬೆಳೆಯುವವರು ಇದನ್ನು ಹುಳಮನೆಯ ಹತ್ತಿರ ತರಬಾರದು, ಬೇವು ಆ ಹುಳುವಿಗೂ ವಿಷ.) ಒಂದೆಲೆಗೆ ಹಚ್ಚಿ ಒಂದು ದಿನ ಕಾದಳು. ಎಲೆ ಸುಡಲಿಲ್ಲ.

ಮಾರನೆಯ ಸಂಜೆ, ಬಿಸಿಲು ಇಳಿದ ಮೇಲೆ, ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕೂತಳು. ಬಾಣಂತನದಲ್ಲಿ ಕೂಸುಗಳಿಗೆ ಎರೆದ ಕಾಲು ಅವು. ಕುಂಡದ ಮಣ್ಣು ಚೆಲ್ಲದಂತೆ ಬಾಯಿಗೆ ಬಟ್ಟೆ ಕಟ್ಟಿ, ಗಿಡವನ್ನು ಕಾಲಿನ ಮೇಲೆ ಬೋರಲು ಮಲಗಿಸಿದಳು. ಮೊದಲು ಬರೀ ನೀರು, ಎಲೆಯ ಹಿಂಭಾಗಕ್ಕೆ ರಭಸವಾಗಿ. ಬಲೆಯೂ ಬೂದಿಯೂ ಒಟ್ಟಿಗೆ ಬಚ್ಚಲಗಂಡಿಗೆ ಹೋದವು. ಮೈ ಆರಿದ ಮೇಲೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಬೇವಿನ ಹಾಲು; ಹೂವಿಗೆ ಮಾತ್ರ ಅಂಗೈ ಅಡ್ಡ. ‘ಬೆನ್ನಿಗೆ ಯಾರು ಬೇಕಾದ್ರೂ ಎರೀತಾರೆ, ಕಂಕುಳು ನೋಡ್ಕಬೇಕು’ ಎಂದು ಒಂದೊಂದೇ ಎಲೆಯ ಸಂದಿ ಬಿಡಿಸಿದಳು. ಮನೆಯೆಲ್ಲ ಬೇವಿನ ಕಮಟು. ಅದನ್ನು ಪರಿಮಳ ಎನ್ನುವಷ್ಟು ನಿಸರ್ಗಪ್ರೇಮ ನನಗಿಲ್ಲ.

ಮೊಟ್ಟೆಗಳಿಗೆ ಇದು ಅಷ್ಟಾಗಿ ನಾಟುವುದಿಲ್ಲ. ಮರಿಯೊಡೆದದ್ದನ್ನು ಹಿಡಿಯಲು ಐದೈದು ದಿನಕ್ಕೊಮ್ಮೆ, ಕಡೇಪಕ್ಷ ಮೂರು ಸಲ ಮಾಡಬೇಕು. ಹಳೆಯ ಚುಕ್ಕೆಗಳು ಮಾಯಲಿಲ್ಲ. ಮೂರನೆಯ ಎಣ್ಣೆನೀರಿನ ಹೊತ್ತಿಗೆ ಸುಳಿಯಿಂದ ಒಂದು ಎಲೆ ಸುರುಳಿ ಬಿಚ್ಚುತ್ತಿತ್ತು. ಹಾಳೆ ಹಿಡಿದು ತಟ್ಟಿದೆ, ಏನೂ ನಡೆದಾಡಲಿಲ್ಲ. ಅಷ್ಟರಲ್ಲಿ ಕೆ.ಆರ್. ಪೇಟೆಯಿಂದ ಫೋನು. ನಾನು ಹೇಗಿದ್ದೇನೆಂದು ಕೇಳಲಿಲ್ಲ.

‘ಎರೆದ್ಯಾ? ಕಂಕುಳು ತೊಳೆದ್ಯಾ?’